ಹೇಳಿಕೊಳ್ಳದ ಬಾಧೆ, ಕಲಿತುಕೊಳ್ಳುವ ಮದ್ದು



ಮೈಗೆ ಬರುವ ಬಾಧೆಗಳಲ್ಲಿ ಹೇಳಿಕೊಳ್ಳುವಂಥವು ಕೆಲವು, ಹೇಳಿಕೊಳ್ಳಲಾಗದಂಥವು ಕೆಲವು. ಮೊಣಕಾಲು ನೋವು ಬಂದರೆ ನಮ್ಮ ತಾಯಂದಿರು ಕಟ್ಟೆಯ ಮೇಲೆ ಕುಳಿತು ನಾಲ್ವರ ಮುಂದೆ ಹೇಳುತ್ತಾರೆ. ಸಕ್ಕರೆ ಕಾಯಿಲೆಯಾದರೆ ಬೀಗರೂಟದ ಪಂಕ್ತಿಯಲ್ಲಿಯೇ ಹೇಳಿ ಹೋಳಿಗೆಯನ್ನು ಬೇಡವೆನ್ನುತ್ತಾರೆ. ಆದರೆ ಕೆಮ್ಮಿದಾಗ, ಸೀನಿದಾಗ, ತುಂಬಿದ ಕೊಡವನ್ನೆತ್ತಿದಾಗ ತಮಗರಿವಿಲ್ಲದೆ ಮೂತ್ರ ಜಾರುವುದನ್ನಾಗಲಿ, ಹೆರಿಗೆಯ ದಾರಿಯಲ್ಲಿ ಏನೋ ಇಳಿದು ಬಂದಂತೆ ಭಾರವೆನಿಸುವುದನ್ನಾಗಲಿ ಒಡಹುಟ್ಟಿದ ಅಕ್ಕನ ಮುಂದೆಯೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಬೇಕೆಂದರೂ ಅದಕ್ಕೊಂದು ಮಾತು ಸಿಗುವುದಿಲ್ಲ. "ಮೈಯಲ್ಲಿ ಸರಿಯಿಲ್ಲ" ಎನ್ನುವಲ್ಲಿಗೆ ಮಾತು ನಿಂತುಹೋಗುತ್ತದೆ.

ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಂತಹ ಊರುಗಳಲ್ಲಿ ಪುರಾಣ, ಪ್ರವಚನಗಳು ನಡೆಯುವಾಗ ನಾವು ಕಂಡಿರುವ ಸಂಗತಿಯೊಂದುಂಟು. ವಯಸ್ಸಾದ ಕೆಲವು ತಾಯಂದಿರು ಮುಂದೆ ಜಾಗವಿದ್ದರೂ ಬಾಗಿಲ ಬಳಿಯೇ ಕೂಡುತ್ತಾರೆ. ನಡುವೆ ಎದ್ದು ಹೋದವರು ಕೆಲವೊಮ್ಮೆ ತಿರುಗಿ ಬರುವುದಿಲ್ಲ. ದೂರದ ಕ್ಷೇತ್ರಕ್ಕೆ ಬಸ್ಸಿನಲ್ಲಿ ಹೊರಡುವ ದಿನ ಬೆಳಗಿನಿಂದ ಒಂದು ಗುಟುಕು ನೀರು ಕುಡಿಯುವುದಿಲ್ಲ. ಮದುವೆಗೆ ಕರೆದರೆ "ನೀವು ಹೋಗಿ ಬನ್ನಿ" ಎಂದು ಮನೆಯಲ್ಲಿಯೇ ಉಳಿಯುತ್ತಾರೆ. ಇದು ಉತ್ಸಾಹ ಕುಂದಿದ್ದರಿಂದ ಆದುದಲ್ಲ, ವಯಸ್ಸಿನ ಸಹಜ ದಣಿವೂ ಎಲ್ಲ ವೇಳೆಯಲ್ಲಿ ಅಲ್ಲ. ಅನೇಕರ ಪಾಲಿಗೆ ಇದು ಚಿಕಿತ್ಸೆಯುಳ್ಳ ದೇಹಬಾಧೆ. ಆ ಚಿಕಿತ್ಸೆಯಲ್ಲಿ ಮೊದಲ ಸ್ಥಾನ ಮಾತ್ರೆಗೂ ಇಲ್ಲ, ಶಸ್ತ್ರಕ್ರಿಯೆಗೂ ಇಲ್ಲ. ಸರಿಯಾಗಿ ಕಲಿತು ಮಾಡುವ ವ್ಯಾಯಾಮಕ್ಕೆ ಇದೆ. ಈ ತಿಂಗಳು ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ನಮಗೆ ತೋರಿತು. ಮಠದಲ್ಲಿ ಓದಿ ಬೆಳೆದವರು ಇಂತಹ ವಿಷಯಕ್ಕೆ ಕೈ ಹಾಕುವುದೇಕೆ ಎಂದು ಯಾರಾದರೂ ಕೇಳಬಹುದು. ಮನೆಮಂದಿಯೆಲ್ಲ ಕೂಡಿ ಓದುವ ಪತ್ರಿಕೆಯಲ್ಲಿ ಈ ಮಾತು ಬಂದರೆ, ಮನೆಮಂದಿಯ ಮುಂದೆ ಆ ಮಾತಾಡಲು ತಾಯಿಯೊಬ್ಬಳಿಗೆ ದಾರಿಯಾದೀತು ಎಂಬುದೇ ನಮ್ಮ ಉತ್ತರ.

ಮೊದಲು ದೇಹದ ರಚನೆಯನ್ನು ತಿಳಿಯೋಣ. ಸೊಂಟದ ಮೂಳೆಗಳು ಕೂಡಿ ಒಂದು ಬೋಗುಣಿಯ ಆಕಾರವಾಗಿದೆ. ಆ ಬೋಗುಣಿಗೆ ಮೂಳೆಯ ತಳವಿಲ್ಲ. ತಳದಲ್ಲಿರುವುದು ಸ್ನಾಯುಗಳ ಹಾಸು. ಮುಂಭಾಗದ ಜಘನದ ಮೂಳೆಯಿಂದ ಹಿಂಭಾಗದ ಬಾಲದ ಮೂಳೆಯವರೆಗೆ ಅದು ಜಂಗಮರ ಜೋಳಿಗೆಯಂತೆ ತೂಗಿಕೊಂಡಿದೆ. ಅದರ ಮೇಲೆ ಮುಂದೆ ಮೂತ್ರಕೋಶ, ನಡುವೆ ಗರ್ಭಕೋಶ, ಹಿಂದೆ ಮಲಾಶಯ ಆತುಕೊಂಡಿವೆ. ಮೂತ್ರದ್ವಾರ, ಯೋನಿ, ಗುದದ್ವಾರಗಳು ಈ ಹಾಸಿನ ನಡುವೆಯೇ ಹಾದು ಹೋಗುತ್ತವೆ. ವೈದ್ಯರು ಇದನ್ನು ಕಟಿತಳದ ಸ್ನಾಯುಗಳೆಂದು ಕರೆಯುತ್ತಾರೆ. ಕೆಮ್ಮುವಾಗ, ಭಾರವೆತ್ತುವಾಗ ಹೊಟ್ಟೆಯೊಳಗಿನ ಒತ್ತಡ ಕೆಳಮುಖವಾಗಿ ಬೀಳುತ್ತದೆ. ಆರೋಗ್ಯವಂತ ಸ್ನಾಯು ಆ ಕ್ಷಣದಲ್ಲಿ ತಾನಾಗಿ ಬಿಗಿದು ದ್ವಾರಗಳನ್ನು ಮುಚ್ಚಿ ಹಿಡಿಯುತ್ತದೆ. ಅದು ಸಡಿಲವಾದರೆ ಮೂತ್ರ ಜಾರುತ್ತದೆ. ಅದರೊಡನೆ ಗರ್ಭಕೋಶವನ್ನು ಹಿಡಿದಿರುವ ಬಂಧಗಳೂ ಸಡಿಲವಾದರೆ ಗರ್ಭಕೋಶವಾಗಲಿ, ಮೂತ್ರಕೋಶ ಇಲ್ಲವೆ ಮಲಾಶಯದ ಗೋಡೆಯಾಗಲಿ ಕೆಳಕ್ಕೆ ಇಳಿಯುತ್ತದೆ. ಇದನ್ನೇ ಜನ ಗರ್ಭ ಜಾರಿದೆ ಎನ್ನುವುದು.

ಬಟ್ಟೆಯ ಜೋಳಿಗೆಗೂ ಈ ಜೋಳಿಗೆಗೂ ಒಂದು ಭೇದವುಂಟು. ಜೋತುಬಿದ್ದ ಬಟ್ಟೆ ತಾನಾಗಿ ಬಿಗಿಯಾಗದು. ಸ್ನಾಯುವಾದರೋ ಅಭ್ಯಾಸದಿಂದ ಬಲಗೊಳ್ಳುತ್ತದೆ. ಗರಡಿಯಲ್ಲಿ ಪಟುವಿನ ತೋಳು ಹೇಗೆ ಬಲಗೊಳ್ಳುವುದೋ ಹಾಗೆಯೇ ಇದೂ. ಈ ಚಿಕಿತ್ಸೆಯ ತಿರುಳೆಲ್ಲ ಇಷ್ಟರಲ್ಲಿಯೇ ಅಡಗಿದೆ.

ಇದು ಸಡಿಲವಾಗಲು ಕಾರಣಗಳು ಹಲವು. ಹೆರಿಗೆ ಮುಖ್ಯವಾದುದು. ಅದರಲ್ಲಿಯೂ ಹೆಚ್ಚು ಹೊತ್ತು ಮುಕ್ಕುವ ಹೆರಿಗೆ, ಇಕ್ಕಳ ಹಾಕಿ ತೆಗೆದ ಹೆರಿಗೆ, ಮೇಲಿಂದ ಮೇಲೆ ಆದ ಹೆರಿಗೆಗಳು ಸ್ನಾಯುವನ್ನು ಹಿಗ್ಗಿಸಿ ಹರಿಯುತ್ತವೆ. ಮುಟ್ಟು ನಿಂತ ಮೇಲೆ ದೇಹದಲ್ಲಿ ಈಸ್ಟ್ರೋಜೆನ್ ಎಂಬ ರಸ ಕಡಿಮೆಯಾಗಿ ಅಲ್ಲಿಯ ಅಂಗಾಂಶಗಳು ತೆಳುವಾಗುತ್ತವೆ. ಬಹುದಿನದ ಕೆಮ್ಮು, ಮಲಬದ್ಧತೆ, ಮೈಭಾರ ಇವೂ ದಿನದಿನವೂ ಕೆಳಗೆ ಒತ್ತುತ್ತವೆ. ನಮ್ಮ ಹರಿಹರ ಸೀಮೆ ಭದ್ರಾ ನಾಲೆಯ ನೀರುಣ್ಣುವ ನೆಲ. ಭತ್ತದ ನಾಟಿಯ ಕಾಲದಲ್ಲಿ ಹೆಣ್ಣುಮಕ್ಕಳು ಇಡೀ ದಿನ ಸೊಂಟ ಬಗ್ಗಿಸಿ ಕೆಸರಿನಲ್ಲಿ ನಿಲ್ಲುತ್ತಾರೆ. ಸಸಿಯ ಕಟ್ಟು ಹೊರುತ್ತಾರೆ, ಮೇವಿನ ಹೊರೆ ತರುತ್ತಾರೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರಿಗೆ ಮೂಟೆ ಎತ್ತುವ ಕೆಲಸ ತಪ್ಪಿದ್ದಲ್ಲ. ಬಾಣಂತನ ಮುಗಿಯುವ ಮೊದಲೇ ಹೊರೆ ಹೊರುವ ಬಡತಾಯಿಯ ದೇಹಕ್ಕೆ ಬಿದ್ದ ಪೆಟ್ಟು ವಾಸಿಯಾಗಲು ಸಮಯವೆಲ್ಲಿ? ಆದರೆ ಇದು ಬಡವರ ರೋಗವೆಂದಾಗಲಿ, ಹೆತ್ತವರ ರೋಗವೆಂದಾಗಲಿ ತಿಳಿಯಬಾರದು. ನಗರದ ಸುಖವಂತ ಮನೆಗಳಲ್ಲಿಯೂ, ಹೆರದೆ ಇರುವವರಲ್ಲಿಯೂ ಇದು ಉಂಟು.

ಹೇಳಿಕೊಳ್ಳದೆ ಇರುವುದು ನಮ್ಮ ಸೀಮೆಯ ಗುಣವೂ ಅಲ್ಲ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಡಾ. ರಾಣಿ ಬಂಗ್ ಮತ್ತು ಅವರ ಸಂಗಡಿಗರು ಎರಡು ಹಳ್ಳಿಗಳ 650 ಮಹಿಳೆಯರನ್ನು ಪರೀಕ್ಷಿಸಿ 1989ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೂ ಮೊದಲು ಎಂದಾದರೂ ಅದಕ್ಕಾಗಿ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8 ಮಂದಿ ಮಾತ್ರ. ಆ ಲೆಕ್ಕದಲ್ಲಿ ಎಲ್ಲ ಬಗೆಯ ಸ್ತ್ರೀರೋಗಗಳೂ ಸೇರಿವೆ, ನಿಜ. ಆದರೂ ರೋಗಕ್ಕೂ ವೈದ್ಯರಿಗೂ ನಡುವೆ ಎಷ್ಟು ದೊಡ್ಡ ಮೌನವಿದೆ ಎಂಬುದನ್ನು ಆ ಎರಡು ಅಂಕಿಗಳು ತೋರಿಸಿಕೊಟ್ಟವು.

ಇನ್ನು ಚಿಕಿತ್ಸೆಯ ವಿಚಾರ. ಫಿಸಿಯೋಥೆರಪಿ ಎಂದೊಡನೆ ನಮಗೆ ನೆನಪಾಗುವುದು ಪಾರ್ಶ್ವವಾಯು ಹೊಡೆದ ಕೈಕಾಲು, ಮುರಿದು ಕೂಡಿದ ಮೂಳೆ. ಅದೇ ಶಾಸ್ತ್ರದ ಒಂದು ಶಾಖೆ ಕಟಿತಳದ ಸ್ನಾಯುಗಳಿಗೆ ಸಂಬಂಧಿಸಿದೆ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗಲ್ ಎಂಬವರು 1948ರಲ್ಲಿ ಈ ಸ್ನಾಯುಗಳನ್ನು ಕ್ರಮವಾಗಿ ಬಲಪಡಿಸುವ ವ್ಯಾಯಾಮವನ್ನು ಕುರಿತು ಪ್ರಬಂಧ ಬರೆದರು. ಸ್ನಾಯುವಿನ ಹಿಡಿತ ಎಷ್ಟೆಂದು ಅಳೆಯುವ ಒಂದು ಉಪಕರಣವನ್ನೂ ರೂಪಿಸಿದರು. ಆ ವ್ಯಾಯಾಮಕ್ಕೆ ಇಂದಿಗೂ ಅವರ ಹೆಸರೇ ನಿಂತಿದೆ. ಮುಂದೆ ಹಲವು ದೇಶಗಳಲ್ಲಿ ಪರೀಕ್ಷೆಗಳು ನಡೆದವು. ಅವುಗಳನ್ನೆಲ್ಲ ತೂಗಿ ನೋಡಿದ ಕೊಕ್ರೇನ್ ಸಂಸ್ಥೆಯ ವಿಮರ್ಶೆ 2018ರಲ್ಲಿ ಪ್ರಕಟವಾಯಿತು. ಕೆಮ್ಮು, ಸೀನು, ಭಾರಗಳೊಡನೆ ಮೂತ್ರ ಜಾರುವ ಮಹಿಳೆಯರಲ್ಲಿ ವ್ಯಾಯಾಮ ಕಲಿತವರ ಪೈಕಿ ನೂರಕ್ಕೆ 56 ಮಂದಿ ತಮಗೆ ಗುಣವಾಯಿತೆಂದರು. ಏನೂ ಚಿಕಿತ್ಸೆಯಿಲ್ಲದೆ ಇದ್ದವರಲ್ಲಿ ಹಾಗೆಂದವರು ನೂರಕ್ಕೆ 6 ಮಂದಿ. ಗರ್ಭ ಜಾರಿದವರಲ್ಲಿಯೂ ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ 447 ಮಹಿಳೆಯರನ್ನೊಳಗೊಂಡ ಪರೀಕ್ಷೆಯ ಫಲ 2014ರಲ್ಲಿ ಹೊರಬಂದಿತು. ಕೇವಲ ಸಲಹೆಯ ಹಾಳೆ ಪಡೆದವರಿಗಿಂತ ಫಿಸಿಯೋಥೆರಪಿಸ್ಟರಿಂದ ಒಬ್ಬೊಬ್ಬರಾಗಿ ವ್ಯಾಯಾಮ ಕಲಿತವರ ಬಾಧೆ ವರ್ಷದ ಕೊನೆಗೆ ಹೆಚ್ಚು ತಗ್ಗಿತ್ತು.

ಕಟಿತಳವನ್ನು ಬಿಗಿಯುವ ಅಭ್ಯಾಸ ನಮ್ಮ ನೆಲಕ್ಕೆ ಹೊಸದೇನಲ್ಲ. ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯಲ್ಲಿ ಹೇಳಿರುವ ಮೂಲಬಂಧ ಈ ಸ್ನಾಯುಗಳನ್ನೇ ಸಂಕೋಚಗೊಳಿಸಿ ಮೇಲಕ್ಕೆ ಸೆಳೆಯುವ ಕ್ರಿಯೆ. ಅದರ ಉದ್ದೇಶ ಯೋಗಸಾಧನೆಯೇ ಹೊರತು ರೋಗಚಿಕಿತ್ಸೆಯಲ್ಲ. ಎರಡನ್ನೂ ಒಂದೇ ಎಂದು ನಾವು ಹೇಳುವುದಿಲ್ಲ. ಆದರೆ ಒಂದು ಅಂಶದಲ್ಲಿ ಎರಡೂ ಮಾರ್ಗಗಳು ಒಂದಾಗುತ್ತವೆ. ಬಂಧಗಳನ್ನು ಪುಸ್ತಕ ನೋಡಿ ಕಲಿಯಬಾರದು, ಗುರುಮುಖದಿಂದಲೇ ಕಲಿಯಬೇಕು ಎಂದು ಯೋಗಿಗಳು ಹೇಳುತ್ತ ಬಂದರು. ಅದೇ ಮಾತನ್ನು ಇಂದಿನ ವಿಜ್ಞಾನವೂ ಬೇರೆ ದಾರಿಯಿಂದ ಬಂದು ಹೇಳಿತು. ಅಮೆರಿಕದಲ್ಲಿ 47 ಮಹಿಳೆಯರಿಗೆ ಬಾಯಿಮಾತಿನಲ್ಲಿ ಮಾತ್ರ ವ್ಯಾಯಾಮವನ್ನು ವಿವರಿಸಿ ಅವರು ಮಾಡಿದ ರೀತಿಯನ್ನು ಪರೀಕ್ಷಿಸಿ ನೋಡಿದರು. 1991ರಲ್ಲಿ ಪ್ರಕಟವಾದ ಆ ವರದಿಯಂತೆ ಸರಿಯಾಗಿ ಮಾಡಿದವರು ಹೆಚ್ಚುಕಡಿಮೆ ಅರ್ಧದಷ್ಟು ಮಂದಿ. ಕಾಲುಭಾಗದಷ್ಟು ಮಂದಿ ಮೇಲಕ್ಕೆ ಸೆಳೆಯುವ ಬದಲು ಕೆಳಕ್ಕೆ ಮುಕ್ಕುತ್ತಿದ್ದರು. ಅಂತಹ ಅಭ್ಯಾಸದಿಂದ ಬಾಧೆ ಕಡಿಮೆಯಾಗುವ ಬದಲು ಹೆಚ್ಚೀತು. "ನಾನೂ ಆ ವ್ಯಾಯಾಮ ಮಾಡಿದೆ, ಏನೂ ಆಗಲಿಲ್ಲ" ಎನ್ನುವ ತಾಯಂದಿರು ಇದ್ದಾರೆ. ಅವರು ಮಾಡಿದ್ದು ಸರಿಯೇ ಎಂದು ಕಣ್ಣಿಟ್ಟು ನೋಡಿ ಹೇಳಿದವರು ಇದ್ದರೇ ಎಂಬುದೇ ಮುಖ್ಯ ಪ್ರಶ್ನೆ.

ಅಲ್ಲಿ ಏನು ಮಾಡುತ್ತಾರೋ ಎಂಬ ಭಯ ಸಹಜವಾದುದು. ಆದುದರಿಂದ ಅದನ್ನೂ ತಿಳಿಸುತ್ತೇವೆ. ಫಿಸಿಯೋಥೆರಪಿಸ್ಟರು ಮೊದಲು ಕುಳಿತು ಮಾತಾಡಿಸುತ್ತಾರೆ. ಎಷ್ಟು ಹೆರಿಗೆ, ದಿನಕ್ಕೆ ಎಷ್ಟು ಸಲ ಮೂತ್ರ, ಎಷ್ಟು ನೀರು, ಯಾವಾಗ ಜಾರುತ್ತದೆ, ಮಲವಿಸರ್ಜನೆ ಹೇಗೆ, ಮನೆಯ ಕೆಲಸವೇನು, ಹೊಲದ ಕೆಲಸವೇನು ಎಂದು ಕೇಳುತ್ತಾರೆ. ಎರಡು ಮೂರು ದಿನದ ನೀರು, ಮೂತ್ರಗಳ ಲೆಕ್ಕವನ್ನು ಬರೆದಿಡಲು ಹೇಳಬಹುದು. ಬೆನ್ನು, ಹೊಟ್ಟೆ, ಉಸಿರಾಟದ ರೀತಿಯನ್ನು ನೋಡುತ್ತಾರೆ. ಸ್ನಾಯುವಿನ ಬಲವನ್ನು ತಿಳಿಯಲು ಕೈಗವಸು ಹಾಕಿದ ಬೆರಳಿನಿಂದ ಒಳಪರೀಕ್ಷೆ ಬೇಕಾಗಬಹುದು. ಅದು ಏಕೆಂದು ಮೊದಲು ವಿವರಿಸಿ, ನಿಮ್ಮ ಒಪ್ಪಿಗೆ ಪಡೆದು, ಮರೆಯಲ್ಲಿ ಮಾಡತಕ್ಕದ್ದು. ಬೇಡವೆನ್ನುವ ಹಕ್ಕು ನಿಮಗೆ ಇದ್ದೇ ಇದೆ. ಬೇಡವೆಂದರೆ ಹೊರಗಿನಿಂದ ತಿಳಿಯುವ ಬೇರೆ ಮಾರ್ಗಗಳೂ ಉಂಟು. ಮಹಿಳಾ ಫಿಸಿಯೋಥೆರಪಿಸ್ಟರೇ ಬೇಕೆಂದು ಕೇಳಬಹುದು. ಮನೆಯ ಹೆಣ್ಣುಮಗಳೊಬ್ಬಳನ್ನು ಜೊತೆಗೆ ಕೂರಿಸಿಕೊಳ್ಳಬಹುದು.

ಪರೀಕ್ಷೆಯಿಲ್ಲದೆ ವ್ಯಾಯಾಮಕ್ಕೆ ತೊಡಗಬಾರದೆನ್ನಲು ಮತ್ತೊಂದು ಕಾರಣವೂ ಇದೆ. ಎಲ್ಲರಲ್ಲಿಯೂ ಈ ಸ್ನಾಯು ಸಡಿಲವಾಗಿಯೇ ಇರುವುದಿಲ್ಲ. ಕೆಲವರಲ್ಲಿ ಅದು ಸದಾ ಬಿಗಿದುಕೊಂಡಿದ್ದು ಕಿಬ್ಬೊಟ್ಟೆಯ ನೋವು, ದಾಂಪತ್ಯದಲ್ಲಿ ನೋವು, ಮೂತ್ರ ಮಲಗಳು ಸಲೀಸಾಗಿ ಆಗದಿರುವಿಕೆಗೆ ಕಾರಣವಾಗುತ್ತದೆ. ಅಂಥವರು ಇನ್ನಷ್ಟು ಬಿಗಿಯುವ ವ್ಯಾಯಾಮ ಮಾಡಿದರೆ ನೋವು ಬೆಳೆಯುತ್ತದೆ. ಅವರಿಗೆ ಕಲಿಸಬೇಕಾದುದು ಸಡಿಲಿಸುವುದನ್ನು.

ಸಡಿಲವಾದ ಸ್ನಾಯುವಿಗೆ ಹೇಳಿಕೊಡುವ ಕ್ರಮ ಸ್ಥೂಲವಾಗಿ ಹೀಗಿದೆ. ಮೊದಲಿಗೆ ಮಂಡಿ ಮಡಿಸಿ ಅಂಗಾತ ಮಲಗಬೇಕು. ವಾಯು ಹೊರಡದಂತೆಯೂ ಮೂತ್ರ ಹೊರಡದಂತೆಯೂ ಏಕಕಾಲಕ್ಕೆ ತಡೆಯುವವರ ಹಾಗೆ ಆ ಭಾಗವನ್ನು ಬಿಗಿದು ಒಳಕ್ಕೆ, ಮೇಲಕ್ಕೆ ಸೆಳೆದುಕೊಳ್ಳಬೇಕು. ತೊಡೆ, ಪಿರ್ರೆ, ಹೊಟ್ಟೆಗಳನ್ನು ಬಿಗಿಯಬಾರದು. ಉಸಿರು ಕಟ್ಟಬಾರದು. ಕೆಲವು ಎಣಿಕೆಯವರೆಗೆ ಹಿಡಿದು ಅಷ್ಟೇ ಹೊತ್ತು ಪೂರ್ತಿಯಾಗಿ ಬಿಡಬೇಕು. ಹಿಡಿಯುವಷ್ಟೇ ಬಿಡುವುದೂ ಮುಖ್ಯ. ಒಂದು ಸಲಕ್ಕೆ ಕನಿಷ್ಠ 8 ಬಾರಿ, ದಿನಕ್ಕೆ 3 ಸಲ, ಕಡಿಮೆಯೆಂದರೆ 3 ತಿಂಗಳು ಮಾಡಬೇಕೆಂಬುದು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯ ಮಾತು. ಗರ್ಭ ಸ್ವಲ್ಪ ಜಾರಿದವರಿಗೆ 16 ವಾರಗಳ ಅಭ್ಯಾಸವನ್ನು ಅದು ಹೇಳುತ್ತದೆ. ಮಲಗಿ ಸಾಧಿಸಿದ ಮೇಲೆ ಕುಳಿತು, ಅನಂತರ ನಿಂತು ಮಾಡಬೇಕು. ಕೊನೆಗೆ ಕೆಮ್ಮು ಬರುವ ಕ್ಷಣ ಮೊದಲು, ಕೊಡ ಎತ್ತುವ ಕ್ಷಣ ಮೊದಲು ತಾನಾಗಿ ಬಿಗಿಯುವಂತೆ ರೂಢಿಸಿಕೊಳ್ಳಬೇಕು. ಮೂತ್ರ ಮಾಡುವಾಗ ನಡುವೆ ತಡೆದು ತಡೆದು ಅಭ್ಯಾಸ ಮಾಡುವುದು ಸಲ್ಲದು. ಅದರಿಂದ ಮೂತ್ರಕೋಶ ಪೂರ್ತಿ ಬರಿದಾಗದೆ ತೊಂದರೆಯಾದೀತು. ಒಂದು ವಾರ ಮಾಡಿ ಫಲ ಕಾಣಲಿಲ್ಲವೆಂದು ಬಿಟ್ಟವರಿಗೆ ಫಲ ಕಾಣದು. ತೋಳು ಬಲಿಯಲು ತಿಂಗಳುಗಳು ಬೇಕಾದಂತೆ ಇದಕ್ಕೂ ಬೇಕು.

ವ್ಯಾಯಾಮದ ಜೊತೆಗೆ ನಡೆಯೂ ತಿದ್ದಬೇಕು. ಜಾರೀತೆಂಬ ಭಯಕ್ಕೆ ನೀರು ಕುಡಿಯುವುದನ್ನು ಬಿಟ್ಟರೆ ಮೂತ್ರ ಗಟ್ಟಿಯಾಗಿ ಉರಿಯುತ್ತದೆ, ಮಲವೂ ಗಟ್ಟಿಯಾಗುತ್ತದೆ, ಗಟ್ಟಿಯಾದ ಮಲಕ್ಕಾಗಿ ಮುಕ್ಕಿದಷ್ಟೂ ತಳದ ಸ್ನಾಯು ಕುಸಿಯುತ್ತದೆ. ಆದುದರಿಂದ ನೀರು, ಸೊಪ್ಪು, ಕಾಳು, ರೊಟ್ಟಿಗಳ ಊಟವೇ ಇಲ್ಲಿ ಔಷಧದ ಅರ್ಧಭಾಗ. ಕುರ್ಚಿಯಂತಹ ಶೌಚಪೀಠವಿರುವ ಮನೆಗಳಲ್ಲಿ ಪಾದದ ಕೆಳಗೆ ಸಣ್ಣ ಮಣೆಯಿಟ್ಟುಕೊಂಡರೆ ಮುಕ್ಕುವ ಕಷ್ಟ ತಗ್ಗುತ್ತದೆ. ಬಹುದಿನದ ಕೆಮ್ಮಿಗೆ ಮೊದಲು ಮದ್ದು ಮಾಡಿಸಬೇಕು. ಭಾರವನ್ನು ದೇಹಕ್ಕೆ ಹತ್ತಿರ ಹಿಡಿದು, ಮಂಡಿ ಬಗ್ಗಿಸಿ, ಉಸಿರು ಬಿಡುತ್ತ ಎತ್ತಬೇಕು; ಒಂದು ದೊಡ್ಡ ಕೊಡಕ್ಕಿಂತ ಎರಡು ಸಣ್ಣ ಬಿಂದಿಗೆ ಮೇಲು. ಬಾಣಂತಿಯ ಹೊಟ್ಟೆಗೆ ಬಟ್ಟೆ ಕಟ್ಟುವ ರೂಢಿ ನಮ್ಮಲ್ಲಿದೆ. ಅದರಿಂದ ಬೆನ್ನಿಗೆ ಆಸರೆಯೆನಿಸಬಹುದು. ಆದರೆ ತಳದ ಸ್ನಾಯು ಬಟ್ಟೆಯಿಂದ ಬಲಗೊಳ್ಳದು. ಅದಕ್ಕೆ ಅಭ್ಯಾಸವೇ ಬೇಕು. ಬಸುರಿನಲ್ಲಿಯೇ ವೈದ್ಯರನ್ನು ಕೇಳಿ ಈ ವ್ಯಾಯಾಮವನ್ನು ಕಲಿತರೆ ಹೆರಿಗೆಯ ನಂತರ ಮುಂದುವರಿಸುವುದು ಸುಲಭ.

ಫಿಸಿಯೋಥೆರಪಿ ಎಲ್ಲಕ್ಕೂ ಮದ್ದೆಂದು ನಾವು ಹೇಳಿದರೆ ಅದು ಸತ್ಯಕ್ಕೆ ದೂರವಾದೀತು. ಗರ್ಭಕೋಶ ಪೂರ್ತಿಯಾಗಿ ಹೊರಬಿದ್ದಿದ್ದರೆ ವ್ಯಾಯಾಮದಿಂದ ಅದು ಒಳಗೆ ಹೋಗಿ ನಿಲ್ಲದು. ಅಂಥವರಿಗೆ ಒಳಗಿಡುವ ರಬ್ಬರಿನ ಇಲ್ಲವೆ ಸಿಲಿಕೋನಿನ ಉಂಗುರ ಒಂದು ಉಪಾಯ. ಪೆಸರಿ ಎಂದು ಅದರ ಹೆಸರು. ಶಸ್ತ್ರಕ್ರಿಯೆ ಇನ್ನೊಂದು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಮೂತ್ರದಲ್ಲಿ ರಕ್ತ ಬಂದರೆ, ಜ್ವರದೊಡನೆ ಉರಿಮೂತ್ರವಿದ್ದರೆ, ಮೂತ್ರ ಒಮ್ಮೆಲೆ ಕಟ್ಟಿದರೆ, ತೊಡೆಸಂದು ಮರಗಟ್ಟಿ ಕಾಲು ಸೋತರೆ ವ್ಯಾಯಾಮವನ್ನು ನೆಚ್ಚಿ ಕೂಡದೆ ಒಡನೆ ವೈದ್ಯರನ್ನು ಕಾಣಬೇಕು. ಹೆರಿಗೆಯ ನಂತರ ಹಗಲಿರುಳೂ ಎಡೆಬಿಡದೆ ಮೂತ್ರ ಸೋರುತ್ತಿದ್ದರೆ ಅದು ಬೇರೆಯೇ ಗಾಯವಿರಬಹುದು. ಅದಕ್ಕೂ ಚಿಕಿತ್ಸೆಯುಂಟು, ಆದರೆ ಅದು ವೈದ್ಯರ ಕೈಯಲ್ಲಿದೆ.

ಈ ವಿಷಯವನ್ನು ಇಷ್ಟು ವಿಸ್ತಾರವಾಗಿ ಬರೆಯಲು ನಮ್ಮನ್ನು ಪ್ರೇರಿಸಿದ ಸಂಗತಿ ದೂರದ್ದಲ್ಲ. ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕು. ರಾಣೆಬೆನ್ನೂರಿನಲ್ಲಿ 2014ರಿಂದ 2018ರ ನಡುವೆ 1,500ಕ್ಕೂ ಹೆಚ್ಚು ಮಹಿಳೆಯರ ಗರ್ಭಕೋಶವನ್ನು ತೆಗೆಯಲಾಯಿತೆಂದೂ ಅವುಗಳಲ್ಲಿ ಅನೇಕವು ಅನಗತ್ಯವಾಗಿದ್ದವೆಂದೂ ದೂರುಗಳೆದ್ದವು. ನೊಂದವರಲ್ಲಿ ಬಹಳ ಮಂದಿ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು. ಹೊಟ್ಟೆನೋವು, ಬಿಳಿಸೆರಗು ಎಂದು ಆಸ್ಪತ್ರೆಗೆ ಹೋದವರು ಗರ್ಭಕೋಶವಿಲ್ಲದೆ ಮರಳಿದರು. ಅವರು 2023ರಲ್ಲಿ ಪರಿಹಾರ ಕೋರಿ ಬೀದಿಗಿಳಿದರು. ಕಲಬುರಗಿ ಜಿಲ್ಲೆಯಿಂದ 2015ರ ಹೊತ್ತಿಗೇ ಇಂತಹ ದೂರುಗಳು ಬಂದಿದ್ದವು. ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆಯನ್ನು ತಡೆಯಲು ಮಾರ್ಗಸೂಚಿ ಹೊರಡಿಸಿತು. ಅದನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ನಿರ್ದೇಶಿಸಿತು.

ಕ್ಯಾನ್ಸರ್, ನಿಲ್ಲದ ರಕ್ತಸ್ರಾವ, ದೊಡ್ಡ ಗಡ್ಡೆ ಮುಂತಾದ ಕಾರಣಗಳಿಗೆ ಗರ್ಭಕೋಶವನ್ನು ತೆಗೆಯುವುದು ಪ್ರಾಣವನ್ನು ಉಳಿಸುವ ಕಾರ್ಯ. ಅದನ್ನು ಮಾಡುವ ವೈದ್ಯರನ್ನು ನಾವು ದೂಷಿಸಲಾರೆವು. ಆದರೆ ಹೆತ್ತು ಮುಗಿಯಿತು, ಇನ್ನೇಕೆ ಆ ಚೀಲ ಎಂಬ ಮಾತನ್ನು ನಮ್ಮ ಮನೆಗಳೇ ಆಡುತ್ತವೆ. ಆ ಮಾತು ತಪ್ಪು. ಮೂತ್ರ ಜಾರುವುದಕ್ಕೆ ಗರ್ಭಕೋಶ ಕಾರಣವಲ್ಲ, ಅದನ್ನು ತೆಗೆದರೆ ಜಾರುವುದು ನಿಲ್ಲುವುದೂ ಇಲ್ಲ. ಅಂಡಾಶಯಗಳನ್ನೂ ಕೂಡಿ ತೆಗೆದರೆ ಮುಟ್ಟು ನಿಲ್ಲುವ ವಯಸ್ಸು ಒಮ್ಮೆಲೆ ಬಂದು, ಮೂವತ್ತು ನಲವತ್ತರ ಹೆಣ್ಣುಮಗಳ ಮೂಳೆಗಳು ಸವೆಯತೊಡಗುತ್ತವೆ. ಗರ್ಭಕೋಶವನ್ನು ತೆಗೆದ ಮೇಲೂ ತಳ ಸಡಿಲವಾಗಿದ್ದರೆ ಉಳಿದ ಭಾಗ ಜಾರಬಹುದು. ಆದುದರಿಂದ ಶಸ್ತ್ರಕ್ರಿಯೆ ಎಂದಾಗ ಮನೆಯವರು ಮೂರು ಪ್ರಶ್ನೆಗಳನ್ನು ವಿನಯದಿಂದ, ಆದರೆ ತಪ್ಪದೆ ಕೇಳಬೇಕು. ರೋಗದ ಹೆಸರೇನು? ತೆಗೆಯದೆ ಗುಣಪಡಿಸುವ ಮಾರ್ಗವಿದೆಯೇ, ವ್ಯಾಯಾಮದಿಂದ ಇಲ್ಲವೆ ಉಂಗುರದಿಂದ ಆದೀತೇ? ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಲು ಸಮಯವಿದೆಯೇ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ.

ಹೋಗುವುದೆಲ್ಲಿಗೆ ಎಂಬುದೂ ಪ್ರಶ್ನೆಯೇ. ಊರಿನ ಆಶಾ ಕಾರ್ಯಕರ್ತೆಯ ಕಿವಿಯಲ್ಲಿ ಮೊದಲ ಮಾತು ಹಾಕಬಹುದು. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿಯೂ ಬಾಪೂಜಿ ಆಸ್ಪತ್ರೆಯಲ್ಲಿಯೂ ಸ್ತ್ರೀರೋಗ ವಿಭಾಗಗಳಿವೆ. ಅಲ್ಲಿ ಪರೀಕ್ಷೆ ಮಾಡಿಸಿ, ಕಟಿತಳದ ವ್ಯಾಯಾಮವನ್ನು ಕಲಿಸಬಲ್ಲ ಫಿಸಿಯೋಥೆರಪಿಸ್ಟರ ಬಳಿಗೆ ಚೀಟಿ ಕೊಡಿರೆಂದು ನೀವಾಗಿಯೇ ಕೇಳಬೇಕು. ಕೇಳದೆ ಇದ್ದರೆ ಈ ದಾರಿ ನೆನಪಿಗೆ ಬಾರದೆ ಹೋಗಬಹುದು. ಫಿಸಿಯೋಥೆರಪಿಸ್ಟರೆಲ್ಲರೂ ಈ ಶಾಖೆಯಲ್ಲಿ ಪಳಗಿದವರಲ್ಲವಾದುದರಿಂದ ಇದರಲ್ಲಿ ತರಬೇತಿ ಉಂಟೇ ಎಂದು ವಿಚಾರಿಸಬೇಕು. ಸಂಸತ್ತು 2021ರಲ್ಲಿ ಮಾಡಿದ ಕಾಯಿದೆಯೊಂದು ಫಿಸಿಯೋಥೆರಪಿಯನ್ನೂ ಮಾನ್ಯ ಆರೋಗ್ಯವೃತ್ತಿಗಳ ಸಾಲಿಗೆ ಸೇರಿಸಿದೆ. ಪದವಿಯಿಲ್ಲದೆ ಮೈ ತಿಕ್ಕುವವರನ್ನೂ, ಗ್ಯಾರಂಟಿ ಮದ್ದೆಂದು ಪುಡಿ ಮಾರುವವರನ್ನೂ ದೂರವಿಡಬೇಕು.

ಕೊನೆಯದಾಗಿ ಮನೆಯ ಹಿರಿಯರಿಗೆ ಒಂದು ಮಾತು. ಹನ್ನೆರಡನೆಯ ಶತಮಾನದ ಶರಣರು ಐದು ಸೂತಕಗಳನ್ನು ತಳ್ಳಿಹಾಕಿದರು. ಅವುಗಳಲ್ಲಿ ರಜಸ್ಸೂತಕ, ಜನನಸೂತಕಗಳೂ ಇದ್ದವು. ಹೆಣ್ಣಿನ ಮುಟ್ಟಾಗಲಿ, ಹೆರಿಗೆಯಾಗಲಿ ಮೈಲಿಗೆಯಲ್ಲವೆಂದು ಎಂಟುನೂರು ವರ್ಷಗಳ ಹಿಂದೆಯೇ ಸಾರಿದ ಪರಂಪರೆ ನಮ್ಮದು. ಸೂತಕವನ್ನು ಬಾಗಿಲಾಚೆ ನೂಕಿದವರು ನಾಚಿಕೆಯನ್ನು ಒಳಗೇ ಕೂರಿಸಿಕೊಂಡಿದ್ದೇವೆ. ಹೆರಿಗೆ ಮೈಲಿಗೆಯಲ್ಲವಾದ ಮೇಲೆ ಹೆರಿಗೆಯಿಂದ ಬಂದ ನೋವು ಮುಚ್ಚಿಡಬೇಕಾದ ಗುಟ್ಟು ಹೇಗಾದೀತು?

ಅತ್ತೆಯಾದವಳು ಸೊಸೆಯನ್ನು ಬಾಣಂತನದ ಮೂರನೆಯ ತಿಂಗಳಲ್ಲಿ ಒಮ್ಮೆ ಕರೆದು, "ಕೆಮ್ಮಿದರೆ ತಡೆಯುತ್ತದೆಯೇ ಮಗಳೇ?" ಎಂದು ಕೇಳಲಿ. ಕೇಳುವುದಕ್ಕೆ ಮುನ್ನ ತನ್ನ ಬಾಧೆಯನ್ನು ತಾನೇ ಹೇಳಿಕೊಂಡರೆ ಇನ್ನೂ ಒಳ್ಳೆಯದು. ಗಂಡನಾದವನು ಆಸ್ಪತ್ರೆಗೆ ಹೋಗಿಬರುವ ಬಸ್ಸಿನ ಖರ್ಚನ್ನೂ ದಿನದ ಕೂಲಿಯನ್ನೂ ಲೆಕ್ಕ ಹಾಕಿ ಹಿಂಜರಿಯದಿರಲಿ. ಮೂರು ತಿಂಗಳು ಭಾರದ ಕೊಡವನ್ನು ತಾನೇ ಹೊರಲಿ. ಈ ವ್ಯಾಯಾಮಕ್ಕೆ ಹಣ ಬೇಕಿಲ್ಲ, ಯಂತ್ರ ಬೇಕಿಲ್ಲ. ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷದ ಬಿಡುವು ಬೇಕು. ಬೆಳಗಿನ ಐದರಿಂದ ರಾತ್ರಿಯ ಹತ್ತರವರೆಗೆ ಎಲ್ಲರಿಗಾಗಿ ದುಡಿಯುವ ತಾಯಿಗೆ ಆ ಅರ್ಧ ಗಂಟೆಯೇ ದುರ್ಲಭ. ಅದನ್ನು ಕೊಡಬೇಕಾದವರು ಮನೆಮಂದಿ. ಈ ಪುಟವನ್ನು ಓದಿದ ಮೇಲೆ ಮಡಿಸಿಡದೆ ಮನೆಯ ಹೆಣ್ಣುಮಕ್ಕಳ ಕೈಗೆ ಕೊಡಿರೆಂದು ಕೇಳಿಕೊಳ್ಳುತ್ತ ಈ ತಿಂಗಳ ಮಾತನ್ನು ಮುಗಿಸುತ್ತೇವೆ.